ಯಾವುದನ್ನು ಬಿಡುವುದು ಎಂಬ ಲೆಕ್ಕ

1980ರ ಫೆಬ್ರವರಿಯ ‘ಫಿಜಿಕಲ್ ರಿವ್ಯೂ ಬಿ’ ಪತ್ರಿಕೆಯಲ್ಲಿ ಒಂದರ ಬೆನ್ನಿಗೆ ಒಂದರಂತೆ ಎರಡು ಪ್ರಬಂಧಗಳಿವೆ. ಮೊದಲನೆಯದು 1003ನೇ ಪುಟದಲ್ಲಿ ಶುರುವಾಗುತ್ತದೆ, ಎರಡನೆಯದು 1044ರಲ್ಲಿ. ಎರಡೂ ಸೇರಿ ಸುಮಾರು ಎಂಬತ್ತು ಪುಟ. ಅಷ್ಟೂ ಪುಟಗಳ ವಿಷಯ ಒಂದೇ ಒಂದು ಪರಮಾಣು. ಲೋಹದೊಳಗೆ ಸಿಕ್ಕಿಕೊಂಡ ಒಂಟಿ ಕಾಂತೀಯ ಪರಮಾಣು. ಬರೆದವರು ಮೂವರು. ಕೊನೆಯ ಹೆಸರು ಕೆನೆತ್ ವಿಲ್ಸನ್, ಎರಡು ವರ್ಷದ ನಂತರ ನೊಬೆಲ್ ಪಡೆಯಲಿದ್ದವರು. ನಡುವಿನ ಹೆಸರು ಜಾನ್ ವಿಲ್ಕಿನ್ಸ್. ಮೊದಲ ಹೆಸರು ಎಚ್. ಆರ್. ಕೃಷ್ಣ-ಮೂರ್ತಿ. ನಾವು ಒಂದೇ ಉಸಿರಿಗೆ ಹೇಳುವ ಹೆಸರನ್ನು ನಡುವೆ ಅಡ್ಡಗೆರೆ ಹಾಕಿ ಅಚ್ಚು ಮಾಡಿದ್ದಾರೆ. ಇವತ್ತಿಗೂ ಈ ಕ್ಷೇತ್ರದವರು ಆ ಪ್ರಬಂಧಗಳನ್ನು ಉಲ್ಲೇಖಿಸುವಾಗ ಆ ಅಡ್ಡಗೆರೆಯನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಈ ಕೃಷ್ಣಮೂರ್ತಿಯವರೇ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪಾಠ ಹೇಳಿದರು, ಸಂಶೋಧನೆ ಮಾಡಿದರು.

ಒಂದು ಪರಮಾಣುವಿಗೆ ಎಂಬತ್ತು ಪುಟ ಯಾಕೆ ಬೇಕಾಯಿತು ಎಂದು ತಿಳಿಯಲು ಹಾಲೆಂಡಿನ ಲೈಡನ್ ಊರಿಗೆ, 1934ಕ್ಕೆ ಹೋಗಬೇಕು.

ಹೀಲಿಯಮ್ ಅನಿಲವನ್ನು ಮೊದಲ ಬಾರಿಗೆ ದ್ರವ ಮಾಡಿದ್ದು ಲೈಡನ್‌ನಲ್ಲಿ. ಪಾದರಸದ ವಿದ್ಯುತ್ ರೋಧ ತಟ್ಟನೆ ಮಾಯವಾಗುವುದನ್ನು, ಅಂದರೆ ಅತಿವಾಹಕತೆಯನ್ನು, 1911ರಲ್ಲಿ ಕಂಡದ್ದೂ ಅಲ್ಲೇ. ಹಾಗಾಗಿ ತಣ್ಣಗೆ ಮಾಡಿ ರೋಧ ಅಳೆಯುವುದು ಆ ಪ್ರಯೋಗಶಾಲೆಗೆ ದಿನನಿತ್ಯದ ಕೆಲಸ. ಲೋಹ ತಣ್ಣಗಾದಷ್ಟೂ ಅದರ ಪರಮಾಣುಗಳ ನಡುಕ ಕಡಿಮೆಯಾಗುತ್ತದೆ, ಎಲೆಕ್ಟ್ರಾನುಗಳ ಓಡಾಟ ಸಲೀಸಾಗುತ್ತದೆ, ರೋಧ ಇಳಿಯುತ್ತ ಹೋಗಿ ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಡಿ ಹಾಸ್, ಡಿ ಬೋರ್, ವಾನ್ ಡೆನ್ ಬೆರ್ಗ್ ಎಂಬ ಮೂವರು ಚಿನ್ನದ ತಂತಿಯನ್ನು ತಣ್ಣಗೆ ಮಾಡಿದಾಗ ಆದದ್ದೇ ಬೇರೆ. ನಿರಪೇಕ್ಷ ಶೂನ್ಯಕ್ಕಿಂತ ಕೆಲವೇ ಡಿಗ್ರಿ ಮೇಲೆ ರೋಧ ತಳ ಮುಟ್ಟಿತು, ಅಲ್ಲಿಂದ ಮುಂದೆ ತಣ್ಣಗಾದಷ್ಟೂ ಏರತೊಡಗಿತು.

ಇದಕ್ಕೆ ಕಾರಣ ಹೇಳಲು ಮೂವತ್ತು ವರ್ಷ ಹಿಡಿಯಿತು. 1964ರಲ್ಲಿ ಜಪಾನಿನ ಜುನ್ ಕೊಂಡೊ ಲೆಕ್ಕ ಹಾಕಿ ತೋರಿಸಿದರು. ಚಿನ್ನದಲ್ಲಿ ಎಲ್ಲೋ ಒಂದೊಂದು ಕಬ್ಬಿಣದ ಪರಮಾಣು ಬೆರೆತಿರುತ್ತದೆ. ಅದಕ್ಕೆ ತನ್ನದೇ ಸ್ಪಿನ್ ಇರುತ್ತದೆ, ಪುಟ್ಟ ಅಯಸ್ಕಾಂತದ ಹಾಗೆ. ಹಾದುಹೋಗುವ ಎಲೆಕ್ಟ್ರಾನು ಅದಕ್ಕೆ ತಾಗಿದಾಗ ಎರಡರ ಸ್ಪಿನ್ನೂ ಅದಲುಬದಲಾಗಬಹುದು. ಈ ಅದಲುಬದಲನ್ನು ಸರಿಯಾಗಿ ಸೇರಿಸಿದರೆ ರೋಧದಲ್ಲಿ ತಾಪಮಾನದ ಲಾಗರಿದಮ್ ಇರುವ ಒಂದು ಪದ ಬರುತ್ತದೆ, ತಣ್ಣಗಾದಂತೆ ಅದು ದೊಡ್ಡದಾಗುತ್ತದೆ. ಪ್ರಯೋಗದ ಗೆರೆಯ ಮೇಲೆ ಕೊಂಡೊ ಗೆರೆ ಸರಿಯಾಗಿ ಕೂತಿತು. ಆದರೆ ಅದೇ ಸೂತ್ರವನ್ನು ಹಿಡಿದು ಶೂನ್ಯದ ಕಡೆಗೆ ಹೋದರೆ ರೋಧ ಅನಂತವಾಗಬೇಕು. ಚಿಟಿಕೆ ಕಬ್ಬಿಣ ಬೆರೆತ ಮಾತ್ರಕ್ಕೆ ಚಿನ್ನ ಅವಾಹಕವಾಗುವುದುಂಟೇ? ಒಂದು ತಾಪಮಾನದ ಕೆಳಗೆ ಸೂತ್ರ ಕೈಕೊಡುತ್ತದೆ, ಅಲ್ಲಿ ಏನು ನಡೆಯುತ್ತದೆ ಎಂದು ಯಾರಿಗೂ ಹೇಳಲಾಗಲಿಲ್ಲ. ಅದೇ ‘ಕೊಂಡೊ ಸಮಸ್ಯೆ’ಯಾಗಿ ಆ ದಶಕವಿಡೀ ಸಿದ್ಧಾಂತಿಗಳನ್ನು ಕಾಡಿತು.

ಕಂಪ್ಯೂಟರಿಗೆ ಹಾಕಿ ಉತ್ತರ ತೆಗೆಯಬಾರದಿತ್ತೇ ಎಂದು ಇವತ್ತಿನವರು ಕೇಳಬಹುದು. ಅದು ಎಷ್ಟು ದೊಡ್ಡ ಲೆಕ್ಕ ಎಂಬುದನ್ನು ಒಮ್ಮೆ ನೋಡೋಣ.

ಹಳೆ ಬೆಂಗಳೂರು, ಮೈಸೂರುಗಳ ವಠಾರವನ್ನು ನೆನಪಿಸಿಕೊಳ್ಳಿ. ಸಾಲಾಗಿ ಮನೆಗಳು. ಒಂದೊಂದು ಮನೆಯಲ್ಲಿ ಹೆಚ್ಚೆಂದರೆ ಇಬ್ಬರು ಬಾಡಿಗೆದಾರರು. ಇಲ್ಲಿ ಬಾಡಿಗೆದಾರರೆಂದರೆ ಎಲೆಕ್ಟ್ರಾನುಗಳು. ಒಂದೇ ಮನೆಯಲ್ಲಿ ಇಬ್ಬರಿರಬೇಕಾದರೆ ಒಬ್ಬರ ಸ್ಪಿನ್ ಮೇಲ್ಮುಖ, ಇನ್ನೊಬ್ಬರದು ಕೆಳಮುಖ ಆಗಿರಲೇಬೇಕು. ಹಾಗಾದರೆ ಮನೆ ಖಾಲಿ ಇರಬಹುದು, ಮೇಲ್ಮುಖದ ಒಂದೇ ಇರಬಹುದು, ಕೆಳಮುಖದ ಒಂದೇ ಇರಬಹುದು, ಎರಡೂ ಇರಬಹುದು. ಒಂದು ಮನೆಗೆ ನಾಲ್ಕು ಸ್ಥಿತಿ. ಎರಡು ಮನೆಗೆ 16. ಹತ್ತು ಮನೆಯ ವಠಾರಕ್ಕೆ 10,48,576. ಇಪ್ಪತ್ತು ಮನೆಗೆ ಸುಮಾರು 1.1 ಲಕ್ಷ ಕೋಟಿ. ಕ್ವಾಂಟಮ್ ಜಗತ್ತಿನಲ್ಲಿ ವಠಾರ ಇವುಗಳಲ್ಲಿ ಯಾವುದೋ ಒಂದು ಸ್ಥಿತಿಯಲ್ಲಿ ಇರುವುದಿಲ್ಲ. ಎಲ್ಲ ಸ್ಥಿತಿಗಳೂ ತಂತಮ್ಮ ಪಾಲಿನಷ್ಟು ಬೆರೆತಿರುತ್ತವೆ. ಪ್ರತಿಯೊಂದರ ಪಾಲನ್ನೂ ಬರೆದಿಡಬೇಕು. ಸಮಮಿತಿಯ ನಿಯಮಗಳಿಂದ ಒಂದಷ್ಟು ಉಳಿತಾಯವಾಗುತ್ತದೆ ನಿಜ, ಆದರೆ ನಾಲ್ಕು ಮನೆ ಹೆಚ್ಚಾದರೆ ಆ ಉಳಿತಾಯವೆಲ್ಲ ಕರಗಿಹೋಗುತ್ತದೆ. ಲೋಹದ ಒಂದು ಘನ ಸೆಂಟಿಮೀಟರಿನಲ್ಲಿ ಇರುವ ಮನೆಗಳ ಸಂಖ್ಯೆ ಬರೆಯಲು ಒಂದರ ಮುಂದೆ ಇಪ್ಪತ್ತೆರಡು ಸೊನ್ನೆ ಬೇಕು. ಎಂಥ ಯಂತ್ರ ತಂದರೂ ಇದು ಮುಗಿಯುವ ಲೆಕ್ಕವಲ್ಲ.

ಆದ್ದರಿಂದ ಈ ವಿದ್ಯೆಯ ಇತಿಹಾಸವನ್ನು ಯಂತ್ರಗಳ ವೇಗದ ಇತಿಹಾಸವಾಗಿ ಬರೆದರೆ ಅದು ತಪ್ಪು ಇತಿಹಾಸ ಎಂದು ನಾನು ನಂಬಿದ್ದೇನೆ. ಅಷ್ಟೊಂದು ಸ್ಥಿತಿಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಧೈರ್ಯವಾಗಿ ಬಿಟ್ಟುಬಿಡಬೇಕು ಎಂದು ಕಂಡುಕೊಂಡವರ ಇತಿಹಾಸ ಅದು.

ಅವರಲ್ಲಿ ಮೊದಲಿಗರು ವಿಲ್ಸನ್. ಓದಿದ್ದು ಕಣ ಭೌತಶಾಸ್ತ್ರ, 1963ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ವರ್ಷಗಟ್ಟಲೆ ಹೆಚ್ಚೇನೂ ಪ್ರಕಟಿಸದೆ ಒಂದೇ ಪ್ರಶ್ನೆಯನ್ನು ಹಿಡಿದು ಕೂತಿದ್ದರು. ಪ್ರಕೃತಿಯಲ್ಲಿ ದೊಡ್ಡ ಅಳತೆ, ಸಣ್ಣ ಅಳತೆ ಎಲ್ಲವೂ ಒಟ್ಟೊಟ್ಟಿಗೆ ಮುಖ್ಯವಾಗುವ ಸಂದರ್ಭಗಳಿವೆ, ಅಲ್ಲಿ ಲೆಕ್ಕ ಮಾಡುವುದು ಹೇಗೆ? ಕೊಂಡೊ ಸಮಸ್ಯೆಯ ಲಾಗರಿದಮ್ ಅವರಿಗೆ ಇದೇ ಪ್ರಶ್ನೆಯಾಗಿ ಕಂಡಿತು. ಲಾಗರಿದಮ್ ಎಂದರೆ ಹತ್ತರಿಂದ ನೂರು, ನೂರರಿಂದ ಸಾವಿರ, ಪ್ರತಿ ಮೆಟ್ಟಿಲಿನ ಕೊಡುಗೆಯೂ ಸಮ ಎಂದರ್ಥ. ಹತ್ತು ಸಾವಿರ ಡಿಗ್ರಿಯ ಶಕ್ತಿಯಿಂದ ಹಿಡಿದು ಡಿಗ್ರಿಯ ಸಾವಿರದ ಒಂದು ಭಾಗದವರೆಗೆ ಯಾವ ಮೆಟ್ಟಿಲನ್ನೂ ಹಾರುವಂತಿಲ್ಲ. ಒಟ್ಟಿಗೆ ಹತ್ತಲು ಹೋದರೆ ಆಗುವುದಿಲ್ಲ, ಒಂದೊಂದಾಗಿ ಇಳಿಯಬೇಕು.

ಅವರು ಮಾಡಿದ್ದನ್ನು ಹತ್ತಿರದಿಂದ ನೋಡಬೇಕು. ಲೋಹದ ಎಲೆಕ್ಟ್ರಾನುಗಳ ಶಕ್ತಿಯ ಪಟ್ಟಿಯನ್ನು ಅರ್ಧ, ಕಾಲು, ಅರೆಕಾಲು, ಹೀಗೆ ಶೂನ್ಯದ ಕಡೆಗೆ ಕತ್ತರಿಸುತ್ತ ಹೋದರು. ಒಂದೊಂದು ತುಂಡಿಗೂ ಒಂದೇ ಒಂದು ಪ್ರತಿನಿಧಿಯನ್ನು ಇಟ್ಟುಕೊಂಡರು. ಗಣಿತದಲ್ಲಿ ಸ್ವಲ್ಪ ತಿರುಗಿಸಿದರೆ ಈ ಪ್ರತಿನಿಧಿಗಳು ಒಂದು ಸಾಲಿನ ವಠಾರವಾಗಿ ನಿಲ್ಲುತ್ತವೆ. ಮೊದಲ ತುದಿಯಲ್ಲಿ ಕಬ್ಬಿಣದ ಪರಮಾಣು, ಅದರ ಪಕ್ಕ ಮೊದಲ ಮನೆ, ಆಮೇಲೆ ಎರಡನೆಯದು, ಮೂರನೆಯದು. ಮನೆಯಿಂದ ಮನೆಗೆ ಎಲೆಕ್ಟ್ರಾನು ಜಿಗಿಯುವ ಬಲ ಪ್ರತಿ ಹೆಜ್ಜೆಗೂ ಸುಮಾರು 1.4 ಪಟ್ಟು ಕುಗ್ಗುತ್ತದೆ. ಈಗ ಲೆಕ್ಕ ಶುರು. ಒಂದು ಮನೆ ಸೇರಿಸಿ, ಸ್ಥಿತಿಗಳು ನಾಲ್ಕು ಪಟ್ಟಾಗುತ್ತವೆ. ಅವುಗಳ ಶಕ್ತಿಯನ್ನು ಕಂಡುಹಿಡಿಯಿರಿ. ಕೆಳಗಿನ ಸಾವಿರದಷ್ಟನ್ನು ಇಟ್ಟುಕೊಂಡು ಮೇಲಿನವನ್ನೆಲ್ಲ ಬಿಡಿ. ಉಳಿದ ಶಕ್ತಿಗಳನ್ನು 1.4ರಿಂದ ಗುಣಿಸಿ ಮತ್ತೆ ಮೊದಲಿನ ಅಳತೆಗೆ ತನ್ನಿ. ಇನ್ನೊಂದು ಮನೆ ಸೇರಿಸಿ. ಮತ್ತೆ ಅದೇ.

ಬಿಟ್ಟದ್ದರಿಂದ ಲೆಕ್ಕ ಕೆಡುವುದಿಲ್ಲವೇ? ಕೆಡುವುದಿಲ್ಲ, ಕಾರಣವಿದೆ. ಮುಂದೆ ಬರುವ ಮನೆಯ ಬಲ ಹಿಂದಿನದಕ್ಕಿಂತ ಕಡಿಮೆ. ಅಷ್ಟು ಮೇಲಿರುವ ಸ್ಥಿತಿಗಳನ್ನು ಕೆಳಗೆಳೆದು ಬೆರೆಸುವ ಶಕ್ತಿ ಅದಕ್ಕಿಲ್ಲ. ಬಿಡಲು ಅನುಮತಿ ಕೊಡುವಂತೆಯೇ ವಿಲ್ಸನ್ ವಠಾರವನ್ನು ಕಟ್ಟಿದ್ದರು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ ಹೆಜ್ಜೆ.

ಸಾಲು ಬೆಳೆದಂತೆ ತೆರೆದುಕೊಂಡ ಕಥೆ ಹೀಗಿತ್ತು. ಮೊದಮೊದಲ ಹೆಜ್ಜೆಗಳಲ್ಲಿ ಶಕ್ತಿಗಳ ಪಟ್ಟಿ ಯಾರ ಹಂಗೂ ಇಲ್ಲದ ಸ್ಪಿನ್‌ನ ಪಟ್ಟಿಯಂತೆ ಕಾಣುತ್ತದೆ. ಆಮೇಲೆ ಅಂಕಿಗಳು ನಿಧಾನವಾಗಿ ಜರುಗುತ್ತವೆ. ಸಾಕಷ್ಟು ಹೆಜ್ಜೆಗಳ ನಂತರ ಅವು ಮತ್ತೆ ನಿಲ್ಲುತ್ತವೆ, ಆದರೆ ಈಗ ಪಟ್ಟಿ ಬೇರೆ: ಸಮಸಂಖ್ಯೆಯ ಹೆಜ್ಜೆಯಲ್ಲಿ ಇದ್ದ ಅಂಕಿಗಳು ಬೆಸಸಂಖ್ಯೆಯಲ್ಲಿ, ಬೆಸದಲ್ಲಿದ್ದವು ಸಮದಲ್ಲಿ. ಸಾಲಿನಿಂದ ಒಂದು ಮನೆಯೇ ಕಾಣೆಯಾದ ಹಾಗೆ. ಕಾಣೆಯಾದದ್ದು ನಿಜವೇ. ಮೊದಲ ಮನೆಯ ಎಲೆಕ್ಟ್ರಾನು ಕಬ್ಬಿಣದ ಸ್ಪಿನ್‌ನೊಂದಿಗೆ ಜೋಡಿ ಕಟ್ಟಿ ಬಿಗಿಯಾಗಿ ಕೂತುಬಿಟ್ಟಿದೆ, ಉಳಿದವರಿಗೆ ಆ ಜೋಡಿಯ ಕಾಂತತ್ವ ಕಾಣುವುದೇ ಇಲ್ಲ. ರೋಧ ಅನಂತಕ್ಕೆ ಹೋಗದೆ ಒಂದು ಮಿತಿಯಲ್ಲಿ ನಿಲ್ಲುವುದು ಈ ಕಾರಣಕ್ಕೆ. ಲೆಕ್ಕದ ಪೂರ್ಣ ವಿವರ 1975ರಲ್ಲಿ ಪ್ರಕಟವಾಯಿತು. ಕಾಂತೀಯ ಸ್ಪಂದನಕ್ಕೂ ಉಷ್ಣಧಾರಣೆಗೂ ಇರುವ ಅನುಪಾತ, ಸಾಮಾನ್ಯ ಲೋಹದಲ್ಲಿ ಒಂದು ಇರಬೇಕಾದದ್ದು, ಇಲ್ಲಿ ಎರಡು ಬಂತು. ಹೆಚ್ಚಿನ ತಾಪಮಾನದ ನಡತೆಯನ್ನೂ ಶೂನ್ಯದ ಬಳಿಯ ನಡತೆಯನ್ನೂ ಜೋಡಿಸುವ ಇನ್ನೊಂದು ಸಂಖ್ಯೆ, ಈಗ ವಿಲ್ಸನ್ ಸಂಖ್ಯೆ ಎಂದೇ ಹೆಸರಾದದ್ದು, ಸುಮಾರು 0.41 ಎಂದು ಬಂತು. ಐದು ವರ್ಷದ ನಂತರ ನತಾನ್ ಆಂದ್ರೇ ಮತ್ತು ಪಾಲ್ ವೀಗ್‌ಮನ್ ಪ್ರತ್ಯೇಕವಾಗಿ ಕೊಂಡೊ ಮಾದರಿಗೆ ಕಾಗದದ ಮೇಲೆಯೇ ನಿಖರ ಪರಿಹಾರ ಕಂಡುಕೊಂಡರು. ಅದರಿಂದ ಹೊರಟ ಸಂಖ್ಯೆಯೂ 0.41. ಯಂತ್ರದ ಲೆಕ್ಕ ಮೊದಲು, ಸೂತ್ರ ಆಮೇಲೆ.

ಕೃಷ್ಣಮೂರ್ತಿಯವರ ಪಾಲು ಇಲ್ಲಿಂದ ಮುಂದಿನದು. ಕೊಂಡೊ ಮಾದರಿಯಲ್ಲಿ ಕಬ್ಬಿಣದ ಸ್ಪಿನ್ ಮೊದಲೇ ಇದೆ ಎಂದು ಒಪ್ಪಿಕೊಂಡು ಹೊರಡುತ್ತಾರೆ. ಫಿಲಿಪ್ ಆಂಡರ್ಸನ್ 1961ರಲ್ಲಿ ಕೊಟ್ಟ ಮಾದರಿ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ಎಲೆಕ್ಟ್ರಾನು ಪರಮಾಣುವಿನ ಒಳಗೆ ಬರಬಹುದು, ಹೊರಗೆ ಹೋಗಬಹುದು; ಒಳಗೆ ಇಬ್ಬರಾದರೆ ವಿಕರ್ಷಣೆಯ ದಂಡ ತೆರಬೇಕು. ಸ್ಪಿನ್ ಹುಟ್ಟುವುದೇ ಈ ದಂಡದಿಂದ. ಕೃಷ್ಣಮೂರ್ತಿ, ವಿಲ್ಕಿನ್ಸ್, ವಿಲ್ಸನ್ ಈ ಮಾದರಿಯನ್ನು ಅದೇ ಮೆಟ್ಟಿಲುಗಳಲ್ಲಿ ಇಳಿಸಿದಾಗ ಪರಮಾಣುವಿನ ಇಡೀ ಬದುಕು ಕಂಡಿತು. ಬಿಸಿಯಲ್ಲಿ ಎಲ್ಲ ನಾಲ್ಕು ಸ್ಥಿತಿಗಳಿಗೂ ಸಮಾನ ಅವಕಾಶ. ತಣ್ಣಗಾದಾಗ ಸ್ಪಿನ್ ರೂಪು ತಳೆಯುತ್ತದೆ. ಇನ್ನೂ ತಣ್ಣಗಾದಾಗ ಆ ಸ್ಪಿನ್ ಜೋಡಿಯೊಳಗೆ ಅಡಗುತ್ತದೆ. ಎರಡನೆಯ ಪ್ರಬಂಧದಲ್ಲಿ ಇನ್ನೊಂದು ವಲಯವೂ ಇದೆ. ಅಲ್ಲಿ ಪರಮಾಣು ಎಷ್ಟು ಎಲೆಕ್ಟ್ರಾನು ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಲಾರದೆ ಅತ್ತಿತ್ತ ತೂಗುತ್ತಿರುತ್ತದೆ. ಅದಕ್ಕೆ ವೇಲೆನ್ಸ್ ಏರಿಳಿತ ಎನ್ನುತ್ತಾರೆ.

ವೇಲೆನ್ಸ್ ಏರಿಳಿತದ ಕುರಿತೇ 1987ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆಂಡರ್ಸನ್ ಬಂದಿದ್ದರು. ಆದರೆ ಆ ತಿಂಗಳು ಜಗತ್ತಿನ ಭೌತವಿಜ್ಞಾನಿಗಳ ಬಾಯಲ್ಲಿದ್ದದ್ದು ಬೇರೆ ಸುದ್ದಿ. ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಶಾಲೆಯಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ತಾಮ್ರದ ಆಕ್ಸೈಡೊಂದರಲ್ಲಿ ಸುಮಾರು 30 ಕೆಲ್ವಿನ್‌ನಲ್ಲೇ ಅತಿವಾಹಕತೆ ಕಂಡಿದ್ದರು. ಅಲ್ಲಿಯವರೆಗಿನ ದಾಖಲೆ 23 ಕೆಲ್ವಿನ್. ಅದಕ್ಕಿಂತಲೂ ಅಚ್ಚರಿಯೆಂದರೆ, ಈ ವಸ್ತುವಿನ ಮೂಲರೂಪ ಲೋಹವೇ ಅಲ್ಲ, ಅವಾಹಕ. ಆಂಡರ್ಸನ್ ಬೆಂಗಳೂರಿನ ಆ ವೇದಿಕೆಯಲ್ಲಿ ತಮ್ಮ ಹೊಸ ಊಹೆಯನ್ನು ಮಂಡಿಸಿದರು. ತಾಮ್ರದ ಮೇಲಿನ ಎಲೆಕ್ಟ್ರಾನುಗಳು ಅಕ್ಕಪಕ್ಕದವರೊಂದಿಗೆ ಜೋಡಿ ಕಟ್ಟುತ್ತವೆ, ಆದರೆ ಜೋಡಿ ಸ್ಥಿರವಲ್ಲ. ಕೋಲಾಟದಲ್ಲಿ ಒಮ್ಮೆ ಬಲಗಡೆಯವರ ಕೋಲಿಗೆ, ಮರುತಾಳಕ್ಕೆ ಎಡಗಡೆಯವರ ಕೋಲಿಗೆ ಹೊಡೆಯುವ ಹಾಗೆ ಎಲ್ಲ ಜೋಡಣೆಗಳೂ ಒಟ್ಟಿಗೆ ಬೆರೆತಿರುತ್ತವೆ. ಒಂದಷ್ಟು ಎಲೆಕ್ಟ್ರಾನುಗಳನ್ನು ತೆಗೆದು ಜಾಗ ಖಾಲಿ ಮಾಡಿದರೆ ಈ ಜೋಡಿಗಳು ಓಡಾಡತೊಡಗುತ್ತವೆ, ಅದೇ ಅತಿವಾಹಕತೆ. ಮಾರ್ಚ್‌ನಲ್ಲಿ ಇದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದನ್ನು ಮುಂದಕ್ಕೆ ಒಯ್ದವರಲ್ಲಿ ನಮ್ಮ ನೆರೆಯ ತಮಿಳುನಾಡಿನ ಜಿ. ಬಾಸ್ಕರನ್ ಮೊದಲಿಗರು.

ಆಂಡರ್ಸನ್ ಬೊಟ್ಟು ಮಾಡಿದ್ದು ಒಂದು ಹಳೆಯ, ಅತಿ ಸರಳ ಮಾದರಿಯ ಕಡೆಗೆ. 1963ರಲ್ಲಿ ಇಂಗ್ಲೆಂಡಿನ ಜಾನ್ ಹಬ್ಬರ್ಡ್ ಬರೆದದ್ದು. ಅದರಲ್ಲಿ ನಮ್ಮ ವಠಾರವೇ ಇದೆ, ಸಾಲಿನ ಬದಲು ಚೌಕಾಕಾರದ ಬಡಾವಣೆಯಾಗಿ. ನಿಯಮ ಎರಡೇ. ಪಕ್ಕದ ಮನೆಗೆ ಜಿಗಿದರೆ ‘ಟಿ’ಯಷ್ಟು ಲಾಭ, ಒಂದೇ ಮನೆಯಲ್ಲಿ ಇಬ್ಬರಾದರೆ ‘ಯು’ನಷ್ಟು ದಂಡ. ಇಷ್ಟರಿಂದ ಕಾಂತತ್ವ, ಅವಾಹಕತೆ, ಅತಿವಾಹಕತೆ ಎಲ್ಲ ಹೊರಡುತ್ತದೆಯೇ ಎಂಬುದು ಪ್ರಶ್ನೆ. ಹಬ್ಬರ್ಡ್ 1980ರಲ್ಲಿ, ನಲವತ್ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ಎರಡು ಸಾಲಿನ ಮಾದರಿ ಮುಂದೆ ಜಗತ್ತಿನ ಸೂಪರ್ ಕಂಪ್ಯೂಟರುಗಳನ್ನೆಲ್ಲ ದುಡಿಸಿಕೊಳ್ಳುತ್ತದೆಂದು ಅವರು ನೋಡಲಿಲ್ಲ.

ಇಲ್ಲಿ ವಿಲ್ಸನ್ ವಿದ್ಯೆ ನಡೆಯುವುದಿಲ್ಲ. ಬಡಾವಣೆಯ ಮನೆಗಳೆಲ್ಲ ಒಂದೇ ತರಹದವು, ಮುಂದಿನ ಮನೆಯ ಬಲ ಕುಗ್ಗುವುದಿಲ್ಲ. ಹಾಗಾಗಿ ಜನ ಮೊರೆಹೋದದ್ದು ಮಾಂಟೆ ಕಾರ್ಲೊ ವಿಧಾನಕ್ಕೆ. ಎಲ್ಲ ಸ್ಥಿತಿಗಳನ್ನೂ ಎಣಿಸುವ ಬದಲು ಅನ್ನ ಬೆಂದಿದೆಯೇ ಎಂದು ಕೆಲವು ಅಗುಳು ಹಿಸುಕಿ ನೋಡುವ ಹಾಗೆ ಮಾದರಿ ಆಯ್ದು ಸರಾಸರಿ ತೆಗೆಯುವುದು. ಪ್ರತಿ ಮನೆಗೂ ಸರಿಯಾಗಿ ಒಂದು ಎಲೆಕ್ಟ್ರಾನು ಇದ್ದಾಗ ಇದು ಸೊಗಸಾಗಿ ನಡೆಯುತ್ತದೆ. 1985ರಲ್ಲಿ ಹಿರ್ಷ್ ಹಾಗೆ ಲೆಕ್ಕ ಹಾಕಿ, ಸ್ಪಿನ್ನುಗಳು ಒಂದು ಮೇಲೆ ಒಂದು ಕೆಳಗೆ ಎಂಬ ಚದುರಂಗದ ಹಾಸಿನಂತೆ ಜೋಡಣೆಗೊಂಡ ಅವಾಹಕ ಸಿಗುತ್ತದೆಂದು ತೋರಿಸಿದರು. 1988ರಲ್ಲಿ ರೀಗರ್ ಮತ್ತು ಯಂಗ್ ಬರೀ ಸ್ಪಿನ್ನುಗಳ ಮಾದರಿಯಲ್ಲಿ ಆ ಜೋಡಣೆ ಕ್ವಾಂಟಮ್ ಅಲುಗಾಟಕ್ಕೆ ಸಿಕ್ಕಿಯೂ ಶೇ. 60ರಷ್ಟು ಉಳಿದಿರುತ್ತದೆಂದು ಲೆಕ್ಕ ಕೊಟ್ಟರು. ಅಂದರೆ ಎಲ್ಲ ಮನೆಗಳೂ ತುಂಬಿದಾಗ ಕೋಲಾಟವಿಲ್ಲ, ಎಲ್ಲರೂ ಸಾಲಾಗಿ ನಿಂತಿದ್ದಾರೆ. ಆಂಡರ್ಸನ್ ಊಹೆ ಉಳಿಯಬೇಕಾದರೆ ಮನೆಗಳು ಖಾಲಿಯಾದ ಮೇಲಿನ ಲೆಕ್ಕ ಬೇಕು.

ಮನೆ ಖಾಲಿಯಾದ ಕೂಡಲೇ ಮಾಂಟೆ ಕಾರ್ಲೊ ಕುಸಿಯುತ್ತದೆ. ಎರಡು ಎಲೆಕ್ಟ್ರಾನುಗಳು ಜಾಗ ಅದಲುಬದಲು ಮಾಡಿಕೊಂಡರೆ ಲೆಕ್ಕದಲ್ಲಿ ಮೈನಸ್ ಚಿಹ್ನೆ ಬರುತ್ತದೆ, ಇದು ಅವುಗಳ ಹುಟ್ಟುಗುಣ. ಆಯ್ದ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಪ್ಲಸ್, ಅರ್ಧ ಮೈನಸ್. ದೊಡ್ಡ ಮೊತ್ತದಿಂದ ದೊಡ್ಡ ಮೊತ್ತ ಕಳೆದು ಉಳಿಯುವ ಚೂರೇ ಉತ್ತರ. ಒಂದು ಮೊಳ ಮಲ್ಲಿಗೆಯ ತೂಕ ತಿಳಿಯಲು ಅದನ್ನು ಲಾರಿಯಲ್ಲಿಟ್ಟು ವೇಬ್ರಿಡ್ಜ್ ಮೇಲೆ ಹತ್ತಿಸಿ, ಹೂವು ತೆಗೆದು ಮತ್ತೆ ಹತ್ತಿಸಿ, ಒಂದರಿಂದ ಇನ್ನೊಂದನ್ನು ಕಳೆದ ಹಾಗೆ. ಬಡಾವಣೆ ದೊಡ್ಡದಾದಷ್ಟೂ, ತಾಪಮಾನ ಇಳಿದಷ್ಟೂ ಲಾರಿ ಭಾರವಾಗುತ್ತದೆ, ಹೂವು ಹಗುರಾಗುತ್ತದೆ. ಇದಕ್ಕೆ ‘ಸೈನ್ ಪ್ರಾಬ್ಲಮ್’ ಎಂದು ಹೆಸರು. 1990ರಲ್ಲಿ ಆರು ಜನ ಸೇರಿ ಇದರ ಕ್ರೂರ ಸ್ವರೂಪವನ್ನು ವಿವರವಾಗಿ ಬರೆದರು. 2005ರಲ್ಲಿ ಟ್ರೋಯರ್ ಮತ್ತು ವೀಸೆ, ಇದಕ್ಕೆ ಎಲ್ಲ ಸಂದರ್ಭಕ್ಕೂ ಒಗ್ಗುವ ಸುಲಭ ಮದ್ದು ಸಿಕ್ಕರೆ ಗಣಕಶಾಸ್ತ್ರದ ಅತಿ ಕಠಿಣ ಲೆಕ್ಕಗಳ ಒಂದು ಇಡೀ ವರ್ಗಕ್ಕೇ ಸುಲಭ ಮದ್ದು ಸಿಕ್ಕಂತೆ ಎಂದು ಸಾಧಿಸಿದರು. ಅಂಥದ್ದು ಇದೆಯೆಂದು ನಂಬುವವರು ತೀರಾ ಕಡಿಮೆ.

ಆ ಆರು ಜನರಲ್ಲಿ ಒಬ್ಬರು ಸ್ಟೀವನ್ ವೈಟ್, ಕಾರ್ನೆಲ್‌ನಲ್ಲಿ ವಿಲ್ಸನ್ ಅವರ ಬಳಿ ಕಲಿತವರು. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಅವರು ಗುರುವಿನ ಹಳೆಯ ವಿದ್ಯೆಗೆ ಮರಳಿ, ಸಮಾನ ಮನೆಗಳ ಸಾಲಿನಲ್ಲಿ ಅದು ಯಾಕೆ ಸೋಲುತ್ತದೆ ಎಂದು ಕೇಳಿಕೊಂಡರು. ರೈನ್‌ಹಾರ್ಡ್ ನೋಕ್ ಜೊತೆ ಸೇರಿ ಅವರು ತೆಗೆದುಕೊಂಡ ಉದಾಹರಣೆ ಬಿ.ಎಸ್ಸಿ. ವಿದ್ಯಾರ್ಥಿಗೂ ಗೊತ್ತಿರುವುದು: ಪೆಟ್ಟಿಗೆಯೊಳಗಿನ ಒಂದು ಕಣ. ಹಗ್ಗದ ಎರಡು ತುದಿಗಳನ್ನು ಇಬ್ಬರು ಹಿಡಿದು ತಿರುಗಿಸಿದರೆ ನಟ್ಟನಡುವೆ ಹಗ್ಗ ಅತಿ ಎತ್ತರಕ್ಕೆ ಹೋಗುತ್ತದೆ. ಅದೇ ಹಗ್ಗವನ್ನು ಎರಡು ತುಂಡು ಮಾಡಿ, ಒಂದೊಂದು ತುಂಡನ್ನೂ ಎರಡು ತುದಿ ಹಿಡಿದು ತಿರುಗಿಸಿ, ಆಮೇಲೆ ಜೋಡಿಸಲು ಹೊರಟರೆ ಜೋಡಣೆಯ ಜಾಗದಲ್ಲಿ ಎತ್ತರ ಸೊನ್ನೆ. ಅತಿ ಎತ್ತರ ಇರಬೇಕಾದ ಕಡೆಯೇ ಸೊನ್ನೆ! ತುಂಡಿನ ಕೆಳಶಕ್ತಿಯ ಸ್ಥಿತಿಗಳು ಇಡಿಯ ಕೆಳಶಕ್ತಿಗೆ ಕೆಲಸಕ್ಕೆ ಬಾರವು. ತಪ್ಪಾದವನ್ನು ಇಟ್ಟುಕೊಂಡು ಬೇಕಾದವನ್ನು ಬಿಡುತ್ತಿದ್ದರು.

1992ರಲ್ಲಿ ವೈಟ್ ಒಬ್ಬರೇ ಬರೆದ ಪುಟ್ಟ ಪ್ರಬಂಧದಲ್ಲಿ ಉತ್ತರ ಬಂತು. ತುಂಡನ್ನು ಒಂಟಿಯಾಗಿ ನೋಡಬೇಡಿ. ಅದರ ಪಕ್ಕ ಇನ್ನೊಂದು ತುಂಡನ್ನು ಇಟ್ಟು ಇಡಿಯ ಸ್ಥಿತಿಯನ್ನು ಕಂಡುಕೊಳ್ಳಿ, ಆ ಇಡಿಯಲ್ಲಿ ಈ ತುಂಡಿನ ಯಾವ ಸ್ಥಿತಿಗೆ ಎಷ್ಟು ಪಾಲಿದೆ ಎಂದು ಅಳೆದು, ಹೆಚ್ಚು ಪಾಲಿನವನ್ನು ಇಟ್ಟುಕೊಳ್ಳಿ. ಶಕ್ತಿ ಎಷ್ಟೇ ಇರಲಿ. ಅಳೆಯುವ ಸಾಧನ ಡೆನ್ಸಿಟಿ ಮ್ಯಾಟ್ರಿಕ್ಸ್, ಅದು 1920ರ ದಶಕದಿಂದಲೂ ಗೊತ್ತಿದ್ದದ್ದೇ. ವಿಧಾನಕ್ಕೆ ಡಿಎಂಆರ್‌ಜಿ ಎಂದು ಹೆಸರಾಯಿತು. ಮರುವರ್ಷವೇ ವೈಟ್ ಮತ್ತು ಡೇವಿಡ್ ಹ್ಯೂಸ್ ಒಂದು ಹಳೆಯ ವಾದಕ್ಕೆ ಮುಕ್ತಾಯ ಹಾಡಿದರು. ಸ್ಪಿನ್ ಅರ್ಧ ಇರುವ ಸಾಲನ್ನು ಅಲುಗಿಸಲು ಕನಿಷ್ಠ ಶಕ್ತಿ ಎಂಬುದೇ ಬೇಡ, ಆದರೆ ಸ್ಪಿನ್ ಒಂದು ಇರುವ ಸಾಲಿಗೆ ಬೇಕು ಎಂದು 1983ರಲ್ಲಿ ಹಾಲ್ಡೇನ್ ಹೇಳಿದಾಗ ಹಲವರು ನಂಬಿರಲಿಲ್ಲ. ಹೊಸ ಲೆಕ್ಕ ಆ ಕನಿಷ್ಠ ಶಕ್ತಿಯನ್ನು 0.41050 ಎಂದು ಐದನೇ ದಶಮಾಂಶದವರೆಗೆ ಕೊಟ್ಟಿತು. ಇಲ್ಲಿಯೂ 0.41 ಬಂದದ್ದು ಆಕಸ್ಮಿಕ, ವಿಲ್ಸನ್ ಸಂಖ್ಯೆಗೂ ಇದಕ್ಕೂ ಸಂಬಂಧವಿಲ್ಲ.

ಅದೇ ಹೊತ್ತಿಗೆ ಹಬ್ಬರ್ಡ್ ಬಡಾವಣೆಯನ್ನು ಇನ್ನೊಂದು ದಾರಿಯಿಂದಲೂ ಮುತ್ತಿದರು. ಒಂದೇ ಮನೆಯನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಂಡು, ಉಳಿದ ಬಡಾವಣೆಯನ್ನೆಲ್ಲ ಅದಕ್ಕೆ ಎಲೆಕ್ಟ್ರಾನು ಕೊಟ್ಟು ತೆಗೆದುಕೊಳ್ಳುವ ಒಂದು ಸಮುದ್ರವೆಂದು ಭಾವಿಸುವುದು. ಆ ಸಮುದ್ರದ ಗುಣವನ್ನು ಮನೆಯ ಉತ್ತರದಿಂದಲೇ ಮತ್ತೆ ಮತ್ತೆ ತಿದ್ದುವುದು. 1992ರಲ್ಲಿ ಜಾರ್ಜ್ ಮತ್ತು ಕೋಟ್ಲಿಯಾರ್ ಇದನ್ನು ಸ್ಪಷ್ಟಪಡಿಸಿದಾಗ ಬಡಾವಣೆಯ ಸಮಸ್ಯೆ 1980ರ ಆ ಎಂಬತ್ತು ಪುಟದ ಸಮಸ್ಯೆಯೇ ಆಗಿ ತಿರುಗಿ ಬಂತು. ಲೋಹ ಹೇಗೆ ಅವಾಹಕವಾಗುತ್ತದೆ ಎಂಬುದು ಇದರಿಂದ ಬಹುಮಟ್ಟಿಗೆ ಅರ್ಥವಾಯಿತು. ಆದರೆ ಒಂದೇ ಮನೆಯ ಲೆಕ್ಕದಲ್ಲಿ ನೆರೆಹೊರೆಯ ಜೋಡಿ ಕಾಣುವುದಿಲ್ಲ. ಅದಕ್ಕೆ ನಾಲ್ಕಾರು ಮನೆಗಳ ಗುಂಪನ್ನು ತೆಗೆದುಕೊಳ್ಳುವ ಒಂದು ವಿಧಾನ 1998ರಲ್ಲಿ ಬಂದಾಗ ಮಾರ್ಕ್ ಜರೆಲ್ ಮೊದಲಾದವರ ಜೊತೆ ಲೇಖಕರ ಪಟ್ಟಿಯಲ್ಲಿ ಬೆಂಗಳೂರಿನ ಕೃಷ್ಣಮೂರ್ತಿ ಮತ್ತೆ ಇದ್ದರು.

ಡಿಎಂಆರ್‌ಜಿಯ ಮಿತಿ ಬಡಾವಣೆಯ ಅಗಲ. ಸಾಲು ಉದ್ದವಾದರೆ ತೊಂದರೆಯಿಲ್ಲ, ಅಗಲವಾದರೆ ಇಟ್ಟುಕೊಳ್ಳಬೇಕಾದ ಸ್ಥಿತಿಗಳು ಪಟ್ಟು ಪಟ್ಟಾಗಿ ಏರುತ್ತವೆ. ಆದರೂ ವೈಟ್ ಬಿಡಲಿಲ್ಲ. 1998ರಲ್ಲಿ ಅವರು ಮತ್ತು ಡೌಗ್ಲಸ್ ಸ್ಕಲಾಪಿನೊ ಕೆಲವು ಸಾಲು ಅಗಲದ ಪಟ್ಟಿಗಳಲ್ಲಿ, ಹಬ್ಬರ್ಡ್ ಮಾದರಿಯ ಹತ್ತಿರದ ಸಂಬಂಧಿಯೊಂದರ ಮೇಲೆ ಲೆಕ್ಕ ಮಾಡಿದರು. ಖಾಲಿ ಮನೆಗಳು ಎಲ್ಲೆಡೆ ಸಮನಾಗಿ ಹರಡಲಿಲ್ಲ, ಸೀರೆಯ ಪಟ್ಟೆಗಳಂತೆ ಸಾಲುಗಟ್ಟಿದವು. ಪಟ್ಟೆಗಳ ನಡುವೆ ಸ್ಪಿನ್ನುಗಳ ಚದುರಂಗ. ಇಂಥ ಪಟ್ಟೆಗಳನ್ನು ಜಾನ್ ಜಾನೆನ್ ಮತ್ತು ಗುನ್ನಾರ್ಸನ್ 1989ರಲ್ಲೇ ಒರಟು ಲೆಕ್ಕದಿಂದ ಊಹಿಸಿದ್ದರು, 1995ರಲ್ಲಿ ಟ್ರಾಂಕ್ವಾಡಾ ಮತ್ತು ಸಂಗಡಿಗರು ನ್ಯೂಟ್ರಾನ್ ಹಾಯಿಸಿ ತಾಮ್ರದ ಆಕ್ಸೈಡಿನಲ್ಲಿ ನಿಜವಾಗಿಯೂ ಕಂಡಿದ್ದರು. ಹೆಲ್‌ಬರ್ಗ್ ಮತ್ತು ಮಾನೂಸಾಕಿಸ್ ಒಪ್ಪಲಿಲ್ಲ; ನಿಮ್ಮ ಪಟ್ಟಿಗೆ ಅಂಚು ಇರುವುದರಿಂದ ಹುಟ್ಟಿದ ಪಟ್ಟೆಗಳು ಅವು ಎಂದರು. ಆ ಜಗಳ ಅಂದು ತೀರಲಿಲ್ಲ. ಒಂದೊಂದು ವಿಧಾನಕ್ಕೂ ಒಂದೊಂದು ಓರೆ ಇರುವಾಗ ಯಾರ ಮಾತು ನಂಬುವುದು?

ಇದಕ್ಕೆ ಸಿಕ್ಕ ಪರಿಹಾರ ನನ್ನ ಮಟ್ಟಿಗೆ ವಿಜ್ಞಾನದ ನಡವಳಿಕೆಗೇ ಮಾದರಿ. ಪರಸ್ಪರ ಸ್ಪರ್ಧಿಗಳಾಗಿದ್ದ ಗುಂಪುಗಳು ಒಂದೇ ಲೆಕ್ಕವನ್ನು ಎತ್ತಿಕೊಂಡು, ತಂತಮ್ಮ ವಿಧಾನದಿಂದ ಮಾಡಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟರು. ಎಂಟು ಮನೆಗೊಂದು ಖಾಲಿ, ‘ಯು’ ಎಂದರೆ ‘ಟಿ’ಯ ಎಂಟು ಪಟ್ಟು. ನಾಲ್ಕು ವಿಧಾನಗಳು, ನಾಲ್ಕಕ್ಕೂ ತಪ್ಪುವ ಬಗೆ ಬೇರೆ ಬೇರೆ. 2017ರಲ್ಲಿ ‘ಸೈನ್ಸ್’ನಲ್ಲಿ ಬಂದ ಉತ್ತರ ಒಂದೇ: ಪಟ್ಟೆಗಳು ನಿಜ, ಎಂಟು ಮನೆಗೊಂದು ಪಟ್ಟೆ. ಮನೆಯೊಂದಕ್ಕೆ ಶಕ್ತಿ ಸುಮಾರು ಮೈನಸ್ 0.77 ಟಿ. ಪಟ್ಟೆಗಳ ಅಂತರ ಐದೋ ಆರೋ ಏಳೋ ಆದರೆ ಶಕ್ತಿಯಲ್ಲಿ ತೀರಾ ಕೂದಲೆಳೆಯ ವ್ಯತ್ಯಾಸ. ಮೂವತ್ತು ವರ್ಷದ ಜಗಳಕ್ಕೆ ಕಾರಣ ಆ ಕೂದಲೆಳೆಯೇ. ಹತ್ತು ಲೇಖಕರ ಪಟ್ಟಿಯಲ್ಲಿ ವೈಟ್ ಇದ್ದಾರೆ, ಹಗ್ಗದ ಲೆಕ್ಕದ ದಿನಗಳ ಜೊತೆಗಾರ ನೋಕ್ ಕೂಡ ಇದ್ದಾರೆ.

ಅತಿವಾಹಕತೆಯ ಕಥೆ? 2020ರಲ್ಲಿ ಇದೇ ಬಳಗದ ಹಲವರು ಹೇಳಿದರು: ಬರೀ ಪಕ್ಕದ ಮನೆಗೆ ಜಿಗಿಯುವ ಶುದ್ಧ ಹಬ್ಬರ್ಡ್ ಮಾದರಿಯಲ್ಲಿ, ಆ ವಲಯದಲ್ಲಿ, ಅತಿವಾಹಕತೆ ಇಲ್ಲ, ಪಟ್ಟೆಗಳು ಅದನ್ನು ತುಳಿದುಹಾಕುತ್ತವೆ. 2024ರಲ್ಲಿ ಮತ್ತೆ ‘ಸೈನ್ಸ್’ನಲ್ಲಿ ಬರೆದರು: ಮೂಲೆಯಿಂದ ಮೂಲೆಗೆ ಓರೆಯಾಗಿ ಜಿಗಿಯಲು ಸ್ವಲ್ಪ ಅವಕಾಶ ಕೊಟ್ಟರೆ, ತಾಮ್ರದ ಆಕ್ಸೈಡಿನಲ್ಲಿ ನಿಜಕ್ಕೂ ಇರುವಂತೆ, ಪಟ್ಟೆಗಳ ಜೊತೆಯಲ್ಲೇ ಅತಿವಾಹಕತೆ ಬರುತ್ತದೆ. 1987ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮಂಡನೆಯಾದ ಊಹೆಗೆ ಇದು ಪೂರ್ತಿ ಉತ್ತರವಲ್ಲ. ಆಂಡರ್ಸನ್ 2020ರ ಮಾರ್ಚ್‌ನಲ್ಲಿ, ಕೊಂಡೊ 2022ರಲ್ಲಿ ತೀರಿಕೊಂಡರು, ವಿಲ್ಸನ್ 2013ರಲ್ಲೇ.

ಭೌತಶಾಸ್ತ್ರ ಓದುತ್ತಿರುವವರು ಮನೆಯಲ್ಲಿದ್ದರೆ ಅವರಿಗೊಂದು ಮಾತು. ವಿಲ್ಸನ್ ಲೆಕ್ಕ ಇವತ್ತು ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ಆದರೆ ಅದಕ್ಕೂ ಮೊದಲು ಎರಡೇ ಮನೆಯ ವಠಾರವನ್ನು ಕಾಗದದ ಮೇಲೆ ಮಾಡಿ ನೋಡಿ. ಒಂದು ಮೇಲ್ಮುಖ, ಒಂದು ಕೆಳಮುಖ, ಎರಡೇ ಎಲೆಕ್ಟ್ರಾನು. ಕೂರಿಸುವ ಬಗೆ ನಾಲ್ಕು, ಹಾಗಾಗಿ ನಾಲ್ಕು ಸಾಲು ನಾಲ್ಕು ಕಂಬದ ಮ್ಯಾಟ್ರಿಕ್ಸ್. ‘ಟಿ’ ಒಂದು, ‘ಯು’ ಎಂಟು ಎಂದಿಟ್ಟುಕೊಳ್ಳಿ. ಅತಿ ಕಡಿಮೆ ಶಕ್ತಿ ಮೈನಸ್ 0.472 ಬರಬೇಕು.